ಚಿತ್ರ ಬೇಕು, ಚಿತ್ರ ಬರೆದವನು ಬೇಡವೇ?

ಚೂಪುಗೂದಲಿನ ಒಬ್ಬ ಪೋರ. ಬೆನ್ನು ನಮ್ಮ ಕಡೆಗೆ, ಚಡ್ಡಿ ಅರ್ಧ ಕೆಳಗೆ. ತಿರುಗಿ ನೋಡಿ ಹಲ್ಲು ಕಿಸಿಯುತ್ತಾ ಯಾವುದೋ ಕಾರು ಕಂಪನಿಯ ಗುರುತಿನ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಈ ಸ್ಟಿಕ್ಕರನ್ನು ನೀವು ಎಲ್ಲಾದರೂ ನೋಡಿರುತ್ತೀರಿ. 1990ರ ದಶಕದಿಂದ ಅಮೆರಿಕದ ಕಾರು, ಟ್ರಕ್ಕುಗಳ ಹಿಂದಿನ ಗಾಜಿನ ಮೇಲೆ ರಾರಾಜಿಸಿದ ಚಿತ್ರ ಇದು. ಆ ಪೋರನ ಹೆಸರು ಕ್ಯಾಲ್ವಿನ್. ಅವನನ್ನು ಹುಟ್ಟಿಸಿದವನು ಬಿಲ್ ವಾಟರ್ಸನ್. ಈಗ ಕೇಳಿ: ಉಚ್ಚೆ ಹೊಯ್ಯುವ ಆ ಚಿತ್ರವನ್ನು ವಾಟರ್ಸನ್ ಬರೆದೇ ಇಲ್ಲ! ಆ ಸ್ಟಿಕ್ಕರಿಗೆ ಒಪ್ಪಿಗೆಯನ್ನೂ ಕೊಟ್ಟಿಲ್ಲ. ಅಷ್ಟೂ ಕಳ್ಳಮಾಲು!

ಕನ್ನಡದ ಪತ್ರಿಕೆಯಲ್ಲಿ ಅಮೆರಿಕದ ಪೋರನ ಪುರಾಣ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡಿ ತಮ್ಮಂದಿರೇ. ಸ್ವಲ್ಪ ತಾಳಿ. ಪುರಾಣ ತಿರುಗಿ ನಿಮ್ಮ ಬಾಗಿಲಿಗೇ ಬರುತ್ತದೆ. ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಇಳಿದವನು. ದೊಡ್ಡ ಓದು ನನ್ನದಲ್ಲ. ಆದರೆ ಇಂಕು, ಪ್ಲೇಟು, ಕಾಗದದ ನಡುವೆ ಇಪ್ಪತ್ತು ವರ್ಷದ ಮೇಲಾಯಿತು. ಒಂದು ಚಿತ್ರ ಕಾಗದದ ಮೇಲೆ ಬೀಳುವುದಕ್ಕೆ ಯಾರ್‍ಯಾರಿಗೆ ಎಷ್ಟೆಷ್ಟು ದುಡ್ಡು ಹೋಗುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಕಾಗದದವನಿಗೆ ಹೋಗುತ್ತದೆ. ಇಂಕಿನವನಿಗೆ ಹೋಗುತ್ತದೆ. ಪ್ಲೇಟಿನವನಿಗೆ, ಬೈಂಡರಿಗೆ, ಹೊತ್ತು ಹಾಕುವ ಆಟೋದವನಿಗೆ, ಎಲ್ಲರಿಗೂ ಹೋಗುತ್ತದೆ. ಬರೆದವನಿಗೆ? ಅಲ್ಲೇ ಇರುವುದು ಗುಟ್ಟು.

ವೇದಿಕೆ ಹತ್ತಿದ ಸಂಕೋಚದ ಮನುಷ್ಯ

1989ರ ಅಕ್ಟೋಬರ್ 27. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರ. ಅಲ್ಲಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1983ರಿಂದ ಮೂರು ವರ್ಷಕ್ಕೊಮ್ಮೆ ವ್ಯಂಗ್ಯಚಿತ್ರಗಳ ಹಬ್ಬ ನಡೆಯುತ್ತಿತ್ತು. 'ಫೆಸ್ಟಿವಲ್ ಆಫ್ ಕಾರ್ಟೂನ್ ಆರ್ಟ್' ಎಂದು ಅದರ ಹೆಸರು. ಆ ವರ್ಷ ಮಾತಾಡಲು ಬಂದವನು ವಾಟರ್ಸನ್. ವಯಸ್ಸು 31. ಅವನ 'ಕ್ಯಾಲ್ವಿನ್ ಅಂಡ್ ಹಾಬ್ಸ್' ಶುರುವಾಗಿ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಆರು ವರ್ಷದ ತರಲೆ ಹುಡುಗ ಮತ್ತು ಅವನ ಬಟ್ಟೆಯ ಹುಲಿ. ಹುಡುಗನ ಕಣ್ಣಿಗೆ ಮಾತ್ರ ಆ ಹುಲಿಗೆ ಜೀವ ಬರುತ್ತದೆ, ಬೇರೆಯವರಿಗೆ ಅದು ಬರೀ ಬೊಂಬೆ. ಇಷ್ಟೇ ಕಥೆ. ಇಷ್ಟಕ್ಕೇ ಅಮೆರಿಕ ಹುಚ್ಚೆದ್ದು ಕುಣಿಯುತ್ತಿತ್ತು.

ವಾಟರ್ಸನ್ ಸಭೆ, ಸಂದರ್ಶನ ಎಂದರೆ ಮಾರು ದೂರ ಓಡುವ ಮನುಷ್ಯ. ಅಂಥವನು ಎದ್ದು ನಿಂತರೆ ಏನು ಹೇಳಬೇಕು? ಹಬ್ಬದಲ್ಲಿ ಸಾಮಾನ್ಯವಾಗಿ ಏನು ಹೇಳುತ್ತಾರೆ? ನಾಲ್ಕು ಜೋಕು, ಗುರುಗಳಿಗೆ ವಂದನೆ, ಸಂಘಟಕರಿಗೆ ಧನ್ಯವಾದ, ಊಟಕ್ಕೆ ಏಳೋಣ. ಇವನು ಗುರುಗಳನ್ನೇನೋ ನೆನೆದ. ಷುಲ್ಜ್‌ನ 'ಪೀನಟ್ಸ್', ವಾಲ್ಟ್ ಕೆಲಿಯ 'ಪೋಗೋ', ಹೆರಿಮನ್‌ನ 'ಕ್ರೇಜಿ ಕ್ಯಾಟ್' ಇವುಗಳನ್ನು ಬಾಯಿ ತುಂಬ ಹೊಗಳಿದ. ಆಮೇಲೆ ಶುರುವಾಯಿತು ನೋಡಿ! ಕಾಮಿಕ್ಸ್ ಅಗ್ಗವಾಗುತ್ತಿದೆ ಎಂಬುದೇ ಭಾಷಣದ ತಲೆಬರಹ. ಅಗ್ಗ ಮಾಡುತ್ತಿರುವವರು ಯಾರು? ಜಾಗ ಕತ್ತರಿಸುವ ಪತ್ರಿಕೆಗಳು, ಹಕ್ಕು ನುಂಗುವ ಸಿಂಡಿಕೇಟುಗಳು, ತಮ್ಮದೇ ಪಾತ್ರಗಳನ್ನು ಕಪ್ಪು-ಬಸಿ, ಬನಿಯನ್ನಿಗೆಲ್ಲ ಮಾರಿಕೊಂಡು ಕೂತ ಕಾರ್ಟೂನಿಸ್ಟರು! ತನ್ನದೇ ಕಸುಬಿನವರು ಕೂತ ಸಭೆಯಲ್ಲಿ ಕಸುಬಿನ ಕೊಳಕನ್ನು ಎತ್ತಿ ಹಿಡಿದ. ಅನ್ನ ಹಾಕುವ ಧಣಿಯನ್ನೂ ಬಿಡಲಿಲ್ಲ.

ಸಿಂಡಿಕೇಟ್ ಎಂದರೆ ಏನೆಂದು ಗೊತ್ತೇ? ಎಪಿಎಂಸಿ ಯಾರ್ಡಿನ ದಳ್ಳಾಳಿಯನ್ನು ನೆನಪು ಮಾಡಿಕೊಳ್ಳಿ. ಕಾರ್ಟೂನಿಸ್ಟ್ ಒಂದು ಚಿತ್ರ ಬರೆದು ಕೊಡುತ್ತಾನೆ. ಸಿಂಡಿಕೇಟು ಅದನ್ನು ನೂರಾರು ಪೇಪರುಗಳಿಗೆ ಹಂಚುತ್ತದೆ. ಪೇಪರಿನ ಪ್ರಸಾರ ನೋಡಿ ಬಾಡಿಗೆ ವಸೂಲು. ಬಂದದ್ದರಲ್ಲಿ ಅರ್ಧ ಸಿಂಡಿಕೇಟಿಗೆ, ಅರ್ಧ ಬರೆದವನಿಗೆ, ಇದು ಅಲ್ಲಿನ ರೂಢಿ. ಇಲ್ಲಿಯವರೆಗೆ ವ್ಯಾಪಾರ, ಒಪ್ಪೋಣ. ಮುಂದಿನದು ಕೇಳಿ. ಹೊಸ ಹುಡುಗ ಸಹಿ ಹಾಕುವ ಒಪ್ಪಂದದಲ್ಲಿ ಪಾತ್ರಗಳ ಹಕ್ಕೇ ಸಿಂಡಿಕೇಟಿಗೆ ಹೋಗಿರುತ್ತಿತ್ತು. ಬೊಂಬೆ ಮಾಡಬಹುದು, ಸಿನಿಮಾ ಮಾಡಬಹುದು. ಬರೆದವನು ಸತ್ತರೆ, ಬಿಟ್ಟುಹೋದರೆ ಇನ್ನೊಬ್ಬನನ್ನು ಕೂರಿಸಿ ಅದೇ ಪಾತ್ರವನ್ನು ಮುಂದುವರಿಸಬಹುದು. ಹೆತ್ತವಳಿಗೆ ಮಗುವಿನ ಮೇಲೆ ಹಕ್ಕಿಲ್ಲ, ಸೂಲಗಿತ್ತಿಗೆ ಇದೆ! ವಾಟರ್ಸನ್ ಕೂಡ ಅಂಥದ್ದೇ ಕಾಗದಕ್ಕೆ ಸಹಿ ಹಾಕಿದ್ದ. ಯಾಕೆ ಹಾಕಿದ? ಹಾಕದಿದ್ದರೆ ಯಾವ ಪೇಪರಿಗೂ ದಾರಿಯಿರಲಿಲ್ಲ. ಸಿನ್ಸಿನಾಟಿಯ ಪತ್ರಿಕೆಯೊಂದು ಅವನನ್ನು ಕೆಲವೇ ತಿಂಗಳಲ್ಲಿ ಮನೆಗೆ ಕಳಿಸಿತ್ತು. ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ಕೂತು ಕಿರಾಣಿ ಅಂಗಡಿಗಳ ಜಾಹೀರಾತು ಜೋಡಿಸಿದ್ದ. ಕಳಿಸಿದ ಸ್ಟ್ರಿಪ್ಪುಗಳೆಲ್ಲ ವಾಪಸು ಬಂದಿದ್ದವು. ಹಸಿದವನ ಮುಂದೆ ಇಟ್ಟ ಕಾಗದವನ್ನು ಯಾರು ತಾನೇ ಪೂರ್ತಿ ಓದುತ್ತಾರೆ?

ಕ್ಯಾಲ್ವಿನ್ ಗೆದ್ದ ಮೇಲೆ ದಳ್ಳಾಳಿಗೆ ಜೊಲ್ಲು ಸುರಿಯಿತು. ಹುಲಿ ಬೊಂಬೆ ಮಾಡಿದರೆ ಎಷ್ಟು ಕೋಟಿ! ಟಿವಿಗೆ ಕೊಟ್ಟರೆ ಎಷ್ಟು ಕೋಟಿ! ಕಾಗದದ ಪ್ರಕಾರ ವಾಟರ್ಸನ್‌ನ ಒಪ್ಪಿಗೆಯೂ ಬೇಕಿರಲಿಲ್ಲ. ಅವನು ಕೂಡದು ಎಂದ. ಒಂದೆರಡು ಕ್ಯಾಲೆಂಡರು ಮತ್ತು ಪುಸ್ತಕಗಳಂಥವು ಬಿಟ್ಟರೆ ಏನೂ ಕೂಡದು. ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಕೊಲಂಬಸ್‌ನ ಭಾಷಣ ಬಂದದ್ದು ಈ ಜಗ್ಗಾಟದ ನಟ್ಟನಡುವೆ. ಗೆದ್ದ ಮೇಲೆ ಆಡಿದ ವೀರಾವೇಶವಲ್ಲ ಅದು, ಕುತ್ತಿಗೆ ಇನ್ನೂ ಅವರ ಕೈಯಲ್ಲಿ ಇದ್ದಾಗ ಆಡಿದ ಮಾತು. 1991ರಲ್ಲಿ ಸಿಂಡಿಕೇಟು ಮಣಿಯಿತು. ಹೊಸ ಒಪ್ಪಂದವಾಯಿತು, ಹಕ್ಕು ಬರೆದವನಿಗೆ ಬಂತು.

ಅರ್ಧ ಪುಟದ ಯುದ್ಧ

ಇನ್ನು ಜಾಗದ ವಿಷಯ. ಪ್ರೆಸ್ಸಿನವನಾದ ನನಗೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆನಿಸುತ್ತದೆ, ನೀವೂ ನಿಲ್ಲಿ.

ಅಮೆರಿಕದ ಪೇಪರುಗಳಲ್ಲಿ ಭಾನುವಾರದ ಕಾಮಿಕ್ಸ್ ಎಂದರೆ ಒಂದು ಕಾಲಕ್ಕೆ ಇಡೀ ಪುಟ. ಒಬ್ಬನೇ ಕಲಾವಿದನಿಗೆ ಇಡೀ ಒಂದು ಪುಟ, ಅದೂ ಬಣ್ಣದಲ್ಲಿ! ಬರಬರುತ್ತಾ ಅರ್ಧ ಪುಟವಾಯಿತು, ಆಮೇಲೆ ಮೂರನೇ ಒಂದು ಭಾಗ, ಆಮೇಲೆ ಕಾಲು. ಕಾಗದದ ಬೆಲೆ ಏರಿದಾಗಲೆಲ್ಲ ಕತ್ತರಿ ಬೀಳುವುದು ಚಿತ್ರದ ಮೇಲೇ. ಜಾಹೀರಾತಿನ ಮೇಲೆ ಬಿದ್ದದ್ದನ್ನು ಎಲ್ಲಾದರೂ ಕಂಡಿದ್ದೀರಾ? ಇನ್ನೂ ದೊಡ್ಡ ಚೇಷ್ಟೆ ಒಂದಿತ್ತು. ಭಾನುವಾರದ ಸ್ಟ್ರಿಪ್ಪಿನಲ್ಲಿ ಮೂರು ಸಾಲು ಚೌಕಗಳು. ಮೇಲಿನ ಸಾಲನ್ನು ಸಂಪಾದಕ ಬೇಕಾದರೆ ಹಾಕಬಹುದು, ಬೇಡವಾದರೆ ಕಿತ್ತು ಬಿಸಾಡಬಹುದು. ಉಳಿದ ಚೌಕಗಳನ್ನೂ ಪುಟದ ಅಳತೆಗೆ ತಕ್ಕಂತೆ ಅಲ್ಲಿಂದಿಲ್ಲಿಗೆ ಜರುಗಿಸಬಹುದು. ಅಂದರೆ ಕಲಾವಿದ ಏನು ಮಾಡಬೇಕು? ಕಿತ್ತರೂ ಕಥೆ ಕೆಡದಂಥ, ಇದ್ದರೂ ಇಲ್ಲದಂಥ ಸಾಲೊಂದನ್ನು ಪ್ರತಿ ವಾರ ಬರೆಯಬೇಕು. ಎಸೆಯುವುದಕ್ಕೆಂದೇ ಅಡಿಗೆ ಮಾಡಿದ ಹಾಗೆ!

ವಾಟರ್ಸನ್ ಕೊಲಂಬಸ್‌ನಲ್ಲಿ ಚಿತ್ರಗಳು ಹೀಗೆ ಕುಗ್ಗುವುದನ್ನು ಬೈದ. ಬೈದು ಮನೆಗೆ ಹೋಗಿ ಮಲಗಲಿಲ್ಲ. 1991ರ ಮೇ ತಿಂಗಳಿಂದ ಒಂಬತ್ತು ತಿಂಗಳು ರಜಾ ತೆಗೆದುಕೊಂಡ. 1992ರ ಫೆಬ್ರವರಿಯಲ್ಲಿ ವಾಪಸು ಬಂದದ್ದು ಷರತ್ತಿನ ಸಮೇತ: ಇನ್ನು ನನ್ನ ಭಾನುವಾರದ ಚಿತ್ರ ಅರ್ಧ ಪುಟ, ಒಂದೇ ತುಂಡು. ಚೌಕ ಮುರಿಯುವ ಹಾಗಿಲ್ಲ, ಸಾಲು ಕೀಳುವ ಹಾಗಿಲ್ಲ. ಸಂಪಾದಕರು ಕೂಗಾಡಿದರು. ಇವನಿಗೇನು ಕೊಬ್ಬು ಎಂದರು. ಆದರೆ ನಿಜವಾಗಿ ಚಂದಾ ಕಿತ್ತ ಪೇಪರುಗಳು ಬಹಳ ಕಡಿಮೆ. ಓದುಗ ಬಿಡಬೇಕಲ್ಲ! ಆಮೇಲಿನ ವರ್ಷಗಳ ಆ ಭಾನುವಾರದ ಪುಟಗಳನ್ನು ಎಲ್ಲಾದರೂ ಪುಸ್ತಕದಲ್ಲಿ ಸಿಕ್ಕರೆ ತೆಗೆದು ನೋಡಿ. ಹಿಮ, ಕಾಡು, ಡೈನೋಸಾರು, ಕುಂಚದ ಓಟ! ಜಾಗ ಕೊಟ್ಟರೆ ಕೈ ಏನು ಮಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಕಸುಬಿನಲ್ಲಿ ಒಳ್ಳೆಯ ಧಣಿಗಳೂ ಇದ್ದರು, ಇಲ್ಲವೆನ್ನಲಾಗದು. 'ಕ್ರೇಜಿ ಕ್ಯಾಟ್' 1913ರಿಂದ 1944ರವರೆಗೆ ಬಂತು. ಓದುವವರು ಹೆಚ್ಚಿರಲಿಲ್ಲ. ಆದರೂ ಪತ್ರಿಕಾ ದೊರೆ ಹರ್ಸ್ಟ್ ಅದನ್ನು ಕೈಬಿಡಲಿಲ್ಲ. ಹೆರಿಮನ್ ಸತ್ತ ಮೇಲೆ ಇನ್ನೊಬ್ಬನ ಕೈಗೆ ಕೊಡದೆ ನಿಲ್ಲಿಸಿದರು. ಷುಲ್ಜ್ ಸತ್ತದ್ದು 2000ದ ಫೆಬ್ರವರಿ 12, ಅವನ ಕೊನೆಯ ಭಾನುವಾರದ 'ಪೀನಟ್ಸ್' ಬಂದದ್ದು ಮಾರನೆಯ ದಿನ. ಅದೂ ಅಲ್ಲಿಗೆ ಮುಗಿಯಿತು. ವಾಟರ್ಸನ್ ಸಾಯುವವರೆಗೂ ಕಾಯಲಿಲ್ಲ. 1995ರ ಡಿಸೆಂಬರ್ 31ಕ್ಕೆ, ಎರಡು ಸಾವಿರಕ್ಕೂ ಹೆಚ್ಚು ಪೇಪರುಗಳಲ್ಲಿ ಬರುತ್ತಿದ್ದಾಗಲೇ ಲೇಖನಿ ಕೆಳಗಿಟ್ಟ. 2014ರಲ್ಲಿ ಫ್ರಾನ್ಸಿನ ಅಂಗುಲೇಮ್ ಕಾಮಿಕ್ಸ್ ಹಬ್ಬ ತನ್ನ ದೊಡ್ಡ ಪ್ರಶಸ್ತಿ ಕೊಟ್ಟಿತು. ಮುಂದಿನ ವರ್ಷದ ಹಬ್ಬಕ್ಕೆ ಪೋಸ್ಟರು ಬರೆದುಕೊಟ್ಟ, ಆಸಾಮಿ ಮಾತ್ರ ಹೋಗಲಿಲ್ಲ.

ಒಂದು ಕಡೆ ನನಗೂ ಅವನಿಗೂ ಜಗಳವಿದೆ. ಬೊಂಬೆ, ಬನಿಯನ್ನು, ಕಪ್ಪು ಎಲ್ಲವೂ ಚಿತ್ರವನ್ನು ಅಗ್ಗ ಮಾಡುತ್ತವೆ ಎಂಬುದು ಅವನ ವಾದ. ನಾನು ವ್ಯಾಪಾರಸ್ಥ, ಪೂರ್ತಿ ಒಪ್ಪಲಾರೆ. ಮನೆ ಬಾಡಿಗೆ ಕಟ್ಟಲು ಪರದಾಡುವ ನಮ್ಮ ಕಲಾವಿದ ತನ್ನ ಚಿತ್ರವನ್ನು ಬನಿಯನ್ನಿಗೆ ಕೊಟ್ಟು ನಾಲ್ಕು ಕಾಸು ನೋಡಿದರೆ ಯಾವ ಸರಸ್ವತಿಯೂ ಮುನಿಯುವುದಿಲ್ಲ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನನ್ನು ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ವಿಮಾನ ಕಂಪನಿ ತನ್ನ ಗುರುತಾಗಿ ಬಳಸಿತ್ತು. ಲಕ್ಷ್ಮಣ್ ಅವರನ್ನು ಕೇಳಿ ಪಡೆದುಕೊಂಡ ಗುರುತು ಅದು. ತಪ್ಪೇನು? ಮಾರುವುದೋ ಬಿಡುವುದೋ ಬರೆದವನು ತೀರ್ಮಾನಿಸಲಿ. ಲಕ್ಷ್ಮಣ್ ಕೊಟ್ಟರು, ವಾಟರ್ಸನ್ ಕೊಡಲಿಲ್ಲ. ಕೇಳದೇ ಎತ್ತಿಕೊಂಡು ಹೋದವನಿಗೆ ಮಾತ್ರ ಒಂದೇ ಹೆಸರು, ಅದನ್ನು ನೀವೇ ಹೇಳಿ.

ಈಗ ನಮ್ಮ ಬೀದಿಗೆ ಬನ್ನಿ

ಸಿಟ್ಟಿನ ಹನುಮಂತನ ಸ್ಟಿಕ್ಕರ್ ನೋಡಿದ್ದೀರಿ. ಕಪ್ಪು-ಕೇಸರಿ, ಗಂಟಿಕ್ಕಿದ ಹುಬ್ಬು. ದೇಶದ ಯಾವ ಊರಿನ ಟ್ರಾಫಿಕ್ಕಿನಲ್ಲಿ ನಿಂತರೂ ಮುಂದಿನ ಕಾರಿನ ಗಾಜಿನಿಂದ ನಿಮ್ಮನ್ನೇ ದುರುಗುಟ್ಟಿ ನೋಡುತ್ತಿತ್ತು. ಬರೆದವರು ಯಾರು? ಬೆಂಗಳೂರಿನ ಹತ್ತು ಜನರನ್ನು ನಿಲ್ಲಿಸಿ ಕೇಳಿ. ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ. ಹೌದು, ಕಾಸರಗೋಡು ನಮ್ಮದು ಎಂದು ನಾವು ಗಂಟಲು ಹರಿದುಕೊಳ್ಳುತ್ತೇವಲ್ಲ, ಅದೇ ಕಾಸರಗೋಡಿನ ಹುಡುಗ! 2015ರಲ್ಲಿ ಊರಿನ ಗೆಳೆಯರು ಹಬ್ಬದ ಬಾವುಟಕ್ಕೆ ಕೇಳಿದರೆಂದು ಬರೆದುಕೊಟ್ಟ ಚಿತ್ರ. 2018ರ ಮೇ ತಿಂಗಳಲ್ಲಿ ಪ್ರಧಾನಿಯೇ ಮಂಗಳೂರಿನ ಸಭೆಯಲ್ಲಿ ಹೊಗಳಿದರು. ಚಿತ್ರದ ರಾಜಕೀಯ ಹಿಡಿಸಿತೋ ಬಿಟ್ಟಿತೋ, ಆ ಜಗಳ ಬೇರೆ ದಿನಕ್ಕಿರಲಿ. ನನ್ನ ಪ್ರಶ್ನೆ ಪ್ರೆಸ್ಸಿನವನ ಪ್ರಶ್ನೆ. ಆ ಸ್ಟಿಕ್ಕರುಗಳಲ್ಲಿ ಎಷ್ಟರ ಮೇಲೆ ಬರೆದವನ ಹೆಸರಿತ್ತು? ಕೇಳಿ ಛಾಪಿಸಿದವರು ಎಷ್ಟು ಮಂದಿ? ಕ್ಯಾಲ್ವಿನ್‌ಗೆ ಅಲ್ಲಿ ಆದದ್ದೇ ಹನುಮಂತನಿಗೆ ಇಲ್ಲಿ ಆಯಿತು. ಅಲ್ಲಿಯವರು ಕಳ್ಳರು, ನಾವು ಅಭಿಮಾನಿಗಳೋ?

ಇನ್ನೂ ಹತ್ತಿರ ಬರುತ್ತೇನೆ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವದ ಕೆಲಸಗಳು ಪ್ರೆಸ್ಸಿಗೆ ಬರುತ್ತವೆ. ಹೋದ ವರ್ಷ ಮೂವರು ಹುಡುಗರು ಬಂದರು. ಯಾವ ಸಂಘ ಎಂದು ಕೇಳಬೇಡಿ, ಹೇಳುವುದಿಲ್ಲ. ಮೊಬೈಲಿನಲ್ಲಿ ಕುವೆಂಪು ಅವರ ಒಂದು ಕ್ಯಾರಿಕೇಚರು. ಎಂಥ ಕೈ ಅದು! ನಾಲ್ಕೇ ಗೆರೆಯಲ್ಲಿ ಆ ಬೆಳ್ಳಿಗೂದಲು, ಆ ಗಾಂಭೀರ್ಯ. ಮೂಲೆಯಲ್ಲಿ ಕಲಾವಿದನ ಪುಟ್ಟ ಸಹಿ. "ಅಣ್ಣ, ಆ ಸೈನ್ ಅಳಿಸಿಬಿಡಿ, ಆ ಜಾಗದಲ್ಲಿ ನಮ್ಮ ಅಧ್ಯಕ್ಷರ ಫೋಟೋ ಬರಬೇಕು" ಎಂದರು. ಬರೆದವರನ್ನು ಕೇಳಿದಿರಾ ಎಂದೆ. "ಕನ್ನಡದ ಕೆಲಸಕ್ಕೆ ಯಾರನ್ನ ಕೇಳೋದಣ್ಣ? ನೆಟ್‌ನಲ್ಲಿ ಇತ್ತು" ಎಂದರು. ಕಾಗದ ಬಿಟ್ಟಿ ಕೊಡಲೇ ಎಂದು ಕೇಳಿದೆ. ನಕ್ಕರು. ನಾನು ಆ ಕೆಲಸ ಮಾಡಿಕೊಡಲಿಲ್ಲ. ಪಕ್ಕದ ರಸ್ತೆಯಲ್ಲಿ ಮಾಡಿಕೊಟ್ಟರು. ನವೆಂಬರ್ 1ರಂದು ಬಡಾವಣೆಯ ಕಂಬಕಂಬದಲ್ಲೂ ಕುವೆಂಪು ಇದ್ದರು, ಅಧ್ಯಕ್ಷರೂ ಇದ್ದರು, ಬರೆದವನು ಇರಲಿಲ್ಲ.

ಕನ್ನಡದ ಕೆಲಸ! ಕನ್ನಡದ ಕೈಯನ್ನು ಕತ್ತರಿಸಿ ಕನ್ನಡದ ಕೆಲಸವೇ? ಅಂಗಡಿಯ ಬೋರ್ಡಿನಲ್ಲಿ ಕನ್ನಡ ಸಣ್ಣದಾಗಿದೆ ಎಂದು ಬೀದಿಗಿಳಿಯುವ ನೀವು, ಕನ್ನಡದವನ ಸಹಿ ಅರ್ಧ ಇಂಚು ಇದ್ದರೂ ಅಳಿಸಿ ಅನ್ನುತ್ತೀರಲ್ಲ, ಇದು ಯಾವ ಸೀಮೆಯ ನ್ಯಾಯ?

ನಮ್ಮಲ್ಲಿ ಈ ಕಲೆಗೆ ಬೇರಿಲ್ಲ ಎಂದುಕೊಂಡಿದ್ದೀರಾ? 1942ರಲ್ಲಿ ಡಾಕ್ಟರು ಎಂ. ಶಿವರಾಂ, ಅಂದರೆ ನಮ್ಮ ರಾಶಿ, 'ಕೊರವಂಜಿ' ತಂದರು. ಲಕ್ಷ್ಮಣ್ ಇನ್ನೂ ಎಳೆಯ ಹುಡುಗನಾಗಿದ್ದಾಗ ಚಿತ್ರ ಬರೆದ ಪತ್ರಿಕೆ ಅದು. ಇಪ್ಪತ್ತೈದು ವರ್ಷ ನಗಿಸಿ 1967ರಲ್ಲಿ ನಿಂತಿತು. ಆ ಕಾಲಕ್ಕೆ ಒಂದು ಚಿತ್ರ ಹಾಕಬೇಕಾದರೆ ಬ್ಲಾಕು ಮಾಡಿಸಬೇಕಿತ್ತು. ಸತುವಿನ ತಗಡಿನಲ್ಲಿ ಗೆರೆ ಕೊರೆಸಿ, ಮರದ ತುಂಡಿಗೆ ಹೊಡೆದು, ಅಚ್ಚಿನ ಮೊಳೆಗಳ ಪಕ್ಕ ಕೂರಿಸುವುದು. ಖರ್ಚು ಕಾಣುತ್ತಿತ್ತು, ಹಾಗಾಗಿ ಬೆಲೆಯೂ ಕಾಣುತ್ತಿತ್ತು. ಈಗ ಬೆರಳೊತ್ತಿದರೆ ಚಿತ್ರ ಇಳಿಯುತ್ತದೆ. ಖರ್ಚಿಲ್ಲ ಅಂದಮೇಲೆ ಬೆಲೆಯೂ ಇಲ್ಲ ಎಂದು ನೀವೇ ತೀರ್ಮಾನ ಮಾಡಿಬಿಟ್ಟಿರಿ. 2025ರ ಮಾರ್ಚಿನಲ್ಲಿ ಜಪಾನಿನ ಗಿಬ್ಲಿ ಸ್ಟುಡಿಯೋದ ಗೆರೆಯಲ್ಲಿ ತಮ್ಮ ತಮ್ಮ ಮುಖ ಮಾಡಿಸಿಕೊಳ್ಳುವ ಹುಚ್ಚು ಹಿಡಿಯಿತಲ್ಲ, ನಿಮ್ಮಲ್ಲಿ ಎಷ್ಟು ಜನ ಮಾಡಿಸಿಕೊಂಡಿರಿ? ಯಂತ್ರಕ್ಕೆ ಆ ಗೆರೆ ಕಲಿಸಿದವರು ಯಾರು, ಅವರಿಗೆ ಏನು ಸಿಕ್ಕಿತು ಎಂದು ಎಷ್ಟು ಜನ ಕೇಳಿದಿರಿ?

ನಮ್ಮ ದೊಡ್ಡ ಪತ್ರಿಕೆಗಳೂ ಸಾಚಾ ಅಲ್ಲ. ಪಾಕೆಟ್ ಕಾರ್ಟೂನಿಗೆ ಒಂದು ಕಾಲಂ, ಎರಡು ಇಂಚೂ ಇಲ್ಲದ ಅಗಲ. ಜಾಹೀರಾತು ಬಂದ ದಿನ ಅದಕ್ಕೂ ಕುತ್ತು. ವಿದೇಶಿ ಸ್ಟ್ರಿಪ್ಪುಗಳ ಖರ್ಚು ಅವರ ದೇಶದಲ್ಲೇ ಹುಟ್ಟಿಬಿಟ್ಟಿರುತ್ತದೆ. ಇಲ್ಲಿಗೆ ಕಡಿಮೆ ಬೆಲೆಗೆ ಕೊಟ್ಟರೂ ಅವರಿಗೆ ಲಾಭವೇ. ಮಾತು ಕನ್ನಡ ಮಾಡಿ ತುಂಬಿದರೆ ಪುಟ ಸಿದ್ಧ. ಹಾಗಾಗಿ ಫ್ಯಾಂಟಮ್ ಕನ್ನಡ ಮಾತಾಡಿದ, ಕನ್ನಡದ ಹುಡುಗ ಬರೆದ ಪಾತ್ರಕ್ಕೆ ದಿನಾ ನಾಲ್ಕು ಚೌಕ ಸಿಗಲಿಲ್ಲ. ಹೀಗಿದ್ದೂ ಒಂದು ಊರು ಬೇರೆ ದಾರಿ ಹಿಡಿಯಿತು. ಕುಂದಾಪುರ! ಅಲ್ಲಿನ ಸತೀಶ್ ಆಚಾರ್ಯ 2018ರಲ್ಲಿ ದಿಲ್ಲಿಯ 'ಮೇಲ್ ಟುಡೇ' ಪತ್ರಿಕೆ ತಮ್ಮ ಚಿತ್ರವನ್ನು ಹಾಕಲು ಒಪ್ಪದಿದ್ದಾಗ ಅದನ್ನು ಜನರ ಮುಂದೆ ತಾವೇ ಇಟ್ಟರು. ಪತ್ರಿಕೆಯ ನಂಟು ಕಡಿಯಿತು, ಗೆರೆ ಬಗ್ಗಲಿಲ್ಲ. ಅದೇ ಕುಂದಾಪುರದಲ್ಲಿ ಅವರು ಗೆಳೆಯರನ್ನು ಕಟ್ಟಿಕೊಂಡು ಕಾರ್ಟೂನು ಹಬ್ಬವನ್ನೂ ನಡೆಸಿದರು. ಬೆಂಗಳೂರಿನ ಕಾಮಿಕ್ ಕಾನ್‌ಗೆ ಸಾವಿರಾರು ರೂಪಾಯಿ ಸುರಿದು ಸೂಪರ್‌ಮ್ಯಾನ್ ವೇಷ ಕಟ್ಟುವ ತಮ್ಮಂದಿರೇ, ಇಂಥ ಹಬ್ಬದಲ್ಲಿ ಕನ್ನಡದ ಕಾರ್ಟೂನಿಸ್ಟ್ ಕನ್ನಡದಲ್ಲೇ ಮಾತಾಡುವುದನ್ನು ಒಮ್ಮೆಯಾದರೂ ಕೂತು ಕೇಳಿದ್ದೀರಾ? ಕೇಳಿ ಎದ್ದು, ನಿಮಗೆ ಒಂದು ಚಿತ್ರಕ್ಕೆ ಎಷ್ಟು ಕೊಡುತ್ತಾರೆ ಸಾರ್ ಎಂದು ಪ್ರಶ್ನೆ ಕೇಳಿದ್ದೀರಾ? ಹಬ್ಬದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದು. ವಾಟರ್ಸನ್ ಯಾರೂ ಕೇಳುವ ಮುಂಚೆಯೇ ಉತ್ತರ ಹೇಳಿದ.

ಕಾನೂನು ಇಲ್ಲವೇ? ಇದೆ. 1957ರಿಂದ ಇದೆ. ಆ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಪತ್ರಿಕೆಯ ನೌಕರಿಯಲ್ಲಿದ್ದು ಪತ್ರಿಕೆಗೆಂದು ಬರೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕನದು. ಬೇರೆ ಕರಾರು ಇಲ್ಲದಿದ್ದರೆ ಉಳಿದ ಹಕ್ಕೆಲ್ಲ ಬರೆದವನದೇ. ಪುಸ್ತಕ ಮಾಡುವುದು, ಬನಿಯನ್ನಿಗೆ ಹಾಕುವುದು ಅವನ ಇಷ್ಟ. ಎಷ್ಟು ಕಲಾವಿದರಿಗೆ ಇದು ಗೊತ್ತು? 19ನೇ ಕಲಮು: ಹಕ್ಕು ಬರೆದುಕೊಡುವುದಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆಂದು ಹೇಳದಿದ್ದರೆ ಐದೇ ವರ್ಷ. 57ನೇ ಕಲಮು: ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಅಧಿಕಾರ ಅವನಿಗೆ ಉಳಿಯುತ್ತದೆ, ಹೆಸರು ಕೆಡುವ ಹಾಗೆ ಚಿತ್ರ ತಿರುಚಿದರೆ ತಡೆಯುವ ಅಧಿಕಾರವೂ. ಗೊತ್ತಿದ್ದೂ ಕದ್ದು ಛಾಪಿಸಿದರೆ 63ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು. ಪೊಲೀಸರು ಬಂದರೆ ಪ್ರತಿಗಳ ಜೊತೆ ಪ್ಲೇಟನ್ನೂ ಜಪ್ತಿ ಮಾಡಬಹುದು. ಅಂದರೆ ನಿಮ್ಮ ಜೊತೆ ನನ್ನನ್ನೂ ಕರೆದುಕೊಂಡು ಹೋಗುತ್ತಾರೆ!

ದುಡ್ಡಿಲ್ಲ ಅನ್ನಬೇಡಿ. ಮೆರವಣಿಗೆಯ ಡಿಜೆಗೆ ದುಡ್ಡಿದೆ, ಅಧ್ಯಕ್ಷರ ಹಾರಕ್ಕೆ ದುಡ್ಡಿದೆ, ಪಟಾಕಿಗಿದೆ. ಹಾರದ ದುಡ್ಡಿನಲ್ಲಿ ಅರ್ಧವನ್ನು ಒಬ್ಬ ಕಲಾವಿದನಿಗೆ ಕೊಟ್ಟು ನೋಡಿ, ನಿಮ್ಮದೇ ಬಡಾವಣೆಗೆಂದು ಹೊಸ ಕುವೆಂಪು, ಹೊಸ ಭುವನೇಶ್ವರಿ ಬರುತ್ತಾರೆ. ಅದೂ ಆಗದಿದ್ದರೆ ಫೋನು ಮಾಡಿ ಕೇಳಿ. ಕನ್ನಡದ ಕೆಲಸ ಎಂದರೆ ಬಿಟ್ಟಿಯಾಗಿಯೇ ಕೊಡುವ ದೊಡ್ಡ ಮನಸ್ಸಿನವರು ಅವರಲ್ಲಿ ಇದ್ದಾರೆ. ಆದರೆ ಕೊಡುವವರು ಅವರಾಗಬೇಕು, ನೀವಲ್ಲ.

ಈ ವರ್ಷ ಅಕ್ಟೋಬರಿನಲ್ಲಿ ನನ್ನ ಪ್ರೆಸ್ಸಿಗೆ ಬರುವವರು ಚಿತ್ರದ ಜೊತೆಗೆ ಬರೆದವರ ಒಪ್ಪಿಗೆಯ ಎರಡು ಸಾಲು ತನ್ನಿ, ವಾಟ್ಸಾಪಿನಲ್ಲಿ ಇದ್ದರೂ ಸಾಕು, ನಾನು ಪ್ರಿಂಟು ತೆಗೆದು ಫೈಲಿಗೆ ಹಾಕಿಕೊಳ್ಳುತ್ತೇನೆ. ಪೋಸ್ಟರಿನ ಕೆಳಗೆ ಬಲಮೂಲೆಯಲ್ಲಿ ಅವರ ಹೆಸರಿಗೆಂದು ಅರ್ಧ ಇಂಚು ಬಿಟ್ಟಿರುತ್ತೇನೆ, ಅದಕ್ಕೆ ಚಾರ್ಜಿಲ್ಲ. ಅಧ್ಯಕ್ಷರ ಫೋಟೋವನ್ನು ಎಡಕ್ಕೆ ಸರಿಸೋಣ.